ಹಳೇ ಎಮ್‌ಎಕ್ಸ್-5 ಕೊಳ್ಳುವ ಮುಂಚೆ ತುಕ್ಕು ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಪ್ರತಿ ಬೇಸಿಗೆ ಒಬ್ಬಿಬ್ಬರಿಗಾದರೂ ಮಜ್ದಾ ಎಮ್‌ಎಕ್ಸ್-5 ಕೊಳ್ಳುವ ಆಸೆ ಹುಟ್ಟುತ್ತದೆ. ಎರಡೇ ಸೀಟು, ತಲೆಯ ಮೇಲೆ ಬಯಲು ಆಕಾಶ, ಕೈಗೆಟುಕುವ ಬೆಲೆ. ಆಸೆ ಸಹಜವೇ. ಆದರೆ ಊರಲ್ಲಿ ಮಜ್ದಾ ಅಂದರೆ ನಮಗೆ ಗೊತ್ತಿದ್ದದ್ದು ಸ್ವರಾಜ್ ಮಜ್ದಾ ಮಿನಿ ಬಸ್ಸು ಮಾತ್ರ. ಈ ಕಾರು ಅಲ್ಲಿ ಮಾರಾಟಕ್ಕೇ ಬಂದಿಲ್ಲ. ಹಾಗಾಗಿ ಎಲ್ಲಿ ಮುಟ್ಟಿ ನೋಡಬೇಕು ಅಂತ ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಂಜಿನ್ ನೋಡೋದು ಬಿಟ್ಟು ತುಕ್ಕಿನ ಹಿಂದೆ ಯಾಕೆ ಬೀಳಬೇಕು?

ಹಳೇ ಎಮ್‌ಎಕ್ಸ್-5ರ 1.6 ಮತ್ತು 1.8 ಲೀಟರ್ ಎಂಜಿನ್‌ಗಳು ಗಟ್ಟಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಲಕ್ಷ ಮೈಲಿ ಓಡುವುದು ಅವಕ್ಕೆ ದೊಡ್ಡ ಮಾತಲ್ಲ. ಕೆಟ್ಟರೂ ಗುಜರಿಯಿಂದ ಇನ್ನೊಂದು ತಂದು ಕೂರಿಸಬಹುದು. ತಗಡಿನ ಕಥೆ ಬೇರೆ. ಕೊಳೆತ ತಗಡನ್ನು ಕತ್ತರಿಸಿ, ಹೊಸದನ್ನು ಅಳತೆಗೆ ಮಡಿಸಿ, ವೆಲ್ಡಿಂಗ್ ಮಾಡಿ, ಮತ್ತೆ ಬಣ್ಣ ಹೊಡೆಯಬೇಕು. ಕೂಲಿಯೇ ಕಾರಿನ ಬೆಲೆಯನ್ನು ಮೀರಬಹುದು.

ಇನ್ನೊಂದು ಕಾರಣ ಇನ್ನೂ ಮುಖ್ಯ. ಈ ಕಾರಿಗೆ ಭಾರ ಹೊರುವ ಗಟ್ಟಿ ಚಾವಣಿ ಇಲ್ಲ. ಮಾಮೂಲಿ ಕಾರಿನಲ್ಲಿ ಚಾವಣಿ ಮತ್ತು ಅದರ ಕಂಬಗಳು ಭಾರ ಹಂಚಿಕೊಳ್ಳುತ್ತವೆ. ಇಲ್ಲಿ ಆ ಕೆಲಸವೆಲ್ಲ ನೆಲದ ತಗಡು ಮತ್ತು ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯ ಮೇಲೆ ಬೀಳುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ರನ್ನಿಂಗ್ ಬೋರ್ಡ್ ಅಂತಾರೆ, ಇಲ್ಲಿನವರು ಸಿಲ್ ಅಂತಾರೆ. ಸಿಲ್ ಕೊಳೆತರೆ ಕಾರಿನ ಸೊಂಟವೇ ಹೋದ ಹಾಗೆ. ಪಕ್ಕದಿಂದ ಯಾರಾದರೂ ಗುದ್ದಿದರೆ ನಿಮ್ಮನ್ನು ಕಾಯಬೇಕಾದದ್ದೂ ಅದೇ ಸಿಲ್.

ಯಾವ ಮಾಡೆಲ್ ಯಾವುದು ಅಂತ ಗುರುತಿಸುವುದು ಹೇಗೆ?

ಈ ಕಾರು 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಮಿಯಾಟ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅನ್ನುವ ಹೆಸರು. 1997ರವರೆಗಿನದು ಮಾರ್ಕ್ 1. ಅದರ ಹೆಡ್‌ಲೈಟ್ ಬಾನೆಟ್ಟಿನಿಂದ ಮೇಲೆದ್ದು ಬರುತ್ತದೆ. 1998ರಿಂದ 2005ರವರೆಗೆ ಮಾರ್ಕ್ 2, ಹೆಡ್‌ಲೈಟ್ ಅಲುಗಾಡುವುದಿಲ್ಲ. 2005ರಿಂದ 2015ರವರೆಗೆ ಮಾರ್ಕ್ 3, ಆಮೇಲಿನದು ಮಾರ್ಕ್ 4. ತುಕ್ಕು ಎಲ್ಲಿ ಹುಡುಕಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಆದ್ದರಿಂದ ನೋಡಲು ಹೊರಡುವ ಮುಂಚೆಯೇ ಇದು ಗೊತ್ತಿರಲಿ.

ಬ್ರಿಟನ್ನಿನ ಕಾರಿಗೆ ಯಾಕೆ ಇಷ್ಟು ತುಕ್ಕು? ನಮ್ಮ ಊರಿನಷ್ಟು ಮಳೆ ಇಲ್ಲಿ ಇಲ್ವಲ್ಲ?

ಮಳೆಗಿಂತ ಉಪ್ಪು ಕೆಟ್ಟದ್ದು. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಅಂತ ಇಲ್ಲಿ ಲಾರಿಗಳಲ್ಲಿ ಕಲ್ಲುಪ್ಪು ಎರಚುತ್ತಾರೆ. ಚೆಷೈರಿನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆಂದೇ ದೊಡ್ಡ ಉಪ್ಪಿನ ಗಣಿ ಇದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ರಸ್ತೆಯ ನೀರು ಅಂದರೆ ಉಪ್ಪುನೀರು ಅಂತಲೇ ತಿಳಿಯಿರಿ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ತಾಗಿದರೆ ತುಕ್ಕು ಹಿಡಿಯುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಹಾಗಾಗಿ ಅದೇ ಕೆಲಸ ಬಹಳ ಬೇಗ ನಡೆಯುತ್ತದೆ. ಉಪ್ಪು ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು ಅಲ್ವಾ? ಕಾರಿನ ಸಂದಿನಲ್ಲೂ ಅದೇ ಆಗುತ್ತದೆ.

ಕಬ್ಬಿಣಕ್ಕಿಂತ ತುಕ್ಕಿಗೆ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಬಣ್ಣವನ್ನು ಮೇಲಕ್ಕೆ ತಳ್ಳುತ್ತದೆ. ನಿಮಗೆ ಬಣ್ಣದ ಮೇಲೆ ಕಾಣುವ ಸಣ್ಣ ಗುಳ್ಳೆ ಅದೇ. ಒಂದು ಮಾತು ನೆನಪಿಡಿ: ಎಮ್‌ಎಕ್ಸ್-5ರಲ್ಲಿ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಹೋಗಿರುತ್ತದೆ.

ನೋಡಲು ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಒಳ್ಳೆಯ ಟಾರ್ಚ್, ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಬಾಟಲಿ ನೀರು, ನೆಲದ ಮೇಲೆ ಹಾಸಲು ರಟ್ಟು, ಕೊಳೆಯಾದರೂ ಬೇಸರವಾಗದ ಬಟ್ಟೆ. ಫೋನಿಗೆ ಸಿಕ್ಕಿಸುವ ಹಾವಿನಂಥ ಉದ್ದ ಕ್ಯಾಮೆರಾ ಸಿಕ್ಕರೆ ಇನ್ನೂ ಒಳ್ಳೆಯದು. ಹಗಲು ಬೆಳಕಿನಲ್ಲಿ, ಕಾರು ಒಣಗಿರುವಾಗ ಹೋಗಿ. ಒದ್ದೆ ಕಾರಿನಲ್ಲಿ ಎಲ್ಲ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ.

ಇದನ್ನು ಒತ್ತಿ ಹೇಳಬೇಕು: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಕೊಳೆತ ಸಿಲ್‌ಗೆ ಜಾಕ್ ಕೊಟ್ಟರೆ ಅದು ತಗಡಿನೊಳಗೆ ನುಗ್ಗಿ ಕಾರು ಕೆಳಕ್ಕೆ ಬೀಳಬಹುದು. ಹತ್ತಿರದ ಗ್ಯಾರೇಜಿಗೆ ಸ್ವಲ್ಪ ದುಡ್ಡು ಕೊಟ್ಟು ರ‍್ಯಾಂಪ್ ಮೇಲೆ ಎತ್ತಿಸಿ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಕಾರು ನಿಮಗೆ ಬೇಡ.

ಮೊದಲು ಎಲ್ಲಿ ನೋಡಬೇಕು?

ಹಿಂದಿನ ಚಕ್ರದ ಮುಂದೆ. ಬಾಗಿಲು ಮುಗಿದು ಚಕ್ರದ ಕಮಾನು ಶುರುವಾಗುವಲ್ಲಿ ಸಿಲ್‌ನ ಹಿಂತುದಿ ಇದೆ. ಮಾರ್ಕ್ 1 ಮತ್ತು ಮಾರ್ಕ್ 2 ಎರಡರಲ್ಲೂ ತುಕ್ಕಿಗೆ ಮೊದಲು ಬಲಿಯಾಗುವ ಜಾಗ ಇದೇ.

ಯಾಕೆ ಅಲ್ಲೇ ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಬಟ್ಟೆ ಹುಡ್ (ಮಡಚುವ ಚಾವಣಿ) ಮೇಲೆ ಬಿದ್ದ ಮಳೆನೀರು ಹಿಂದಕ್ಕೆ ಹರಿದು ಸೀಟಿನ ಹಿಂದಿರುವ, ಮನೆಯ ಸೂರಿಗೆ ಕಟ್ಟುವಂಥ ಒಂದು ದೋಣಿಗೆ ಬೀಳುತ್ತದೆ. ಆ ದೋಣಿಯ ಎರಡು ಮೂಲೆಯಿಂದ ಎರಡು ಕೊಳವೆಗಳು ಕೆಳಗಿಳಿದು ಹಿಂಚಕ್ರದ ಮುಂದೆ ನೀರನ್ನು ನೆಲಕ್ಕೆ ಬಿಡುತ್ತವೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಪಾಚಿ, ಧೂಳು ಸೇರಿ ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ನೀರು ದೋಣಿಯಿಂದ ಉಕ್ಕಿ ಒಳಗೆ ಹರಿಯುತ್ತದೆ. ಸೀಟಿನ ಹಿಂದಿನ ಕಾರ್ಪೆಟ್ ನೆನೆಯುತ್ತದೆ, ಸಿಲ್ ಪೆಟ್ಟಿಗೆಯೊಳಗೂ ನೀರು ನಿಲ್ಲುತ್ತದೆ. ಇತ್ತ ಹೊರಗಿನಿಂದ ಚಕ್ರ ಉಪ್ಪುಕೆಸರನ್ನು ಅದೇ ಮೂಲೆಗೆ ಎರಚುತ್ತಿರುತ್ತದೆ. ಎರಡು ಕಡೆಯಿಂದಲೂ ಪೆಟ್ಟು.

ಮಂಡಿಯೂರಿ ಆ ಜಾಗವನ್ನು ಬೆರಳಲ್ಲಿ ಸವರಿ. ನುಣುಪಾಗಿರಬೇಕು. ಆಮೇಲೆ ಬೆರಳಿನ ಗೆಣ್ಣಿನಿಂದ ಸಿಲ್ ಉದ್ದಕ್ಕೂ ಬಡಿಯುತ್ತಾ ಬನ್ನಿ, ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬಡಿದು ನೋಡುವ ಹಾಗೆ. ಒಳ್ಳೆ ತಗಡು ಟಣ್ ಅನ್ನುತ್ತದೆ. ಮಂದವಾಗಿ ಡಬ್ ಅಂದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ ಅಂತ ಅನುಮಾನ ಪಡಿ. ಆಯಸ್ಕಾಂತ ಇಟ್ಟು ನೋಡಿ, ಪುಟ್ಟಿ ದಪ್ಪಗಿದ್ದರೆ ಅಂಟುವುದಿಲ್ಲ. ಎರಡೂ ಬದಿ ಹೋಲಿಸಿ. ಎಡಕ್ಕೂ ಬಲಕ್ಕೂ ಸಿಲ್‌ನ ಆಕಾರ, ಅಂಚಿನ ಗೆರೆ ಒಂದೇ ಇರಬೇಕು. ಒಂದು ಬದಿ ಚೂಪು, ಇನ್ನೊಂದು ಬದಿ ಮೊಂಡು ಅಂದರೆ ಯಾರೋ ಕೈಯಲ್ಲಿ ಆಕಾರ ಕೊಟ್ಟಿದ್ದಾರೆ.

ಹಾಗೇ ಹಿಂಚಕ್ರದ ಕಮಾನಿನ ಅಂಚಿಗೆ ಬೆರಳು ಹಾಕಿ ಒಳಮಗ್ಗುಲು ಸವರಿ. ಒಳ ತಗಡು, ಹೊರ ತಗಡು ಸೇರುವ ಆ ಮಡಿಕೆಯಲ್ಲಿ ಕೆಸರು ಕೂತು ವರ್ಷಗಟ್ಟಲೆ ತೇವ ಬಿಡುತ್ತಿರುತ್ತದೆ. ಅಂಚು ಒರಟಾಗಿ, ಪದರ ಪದರವಾಗಿ ಏಳುತ್ತಿದ್ದರೆ ಮುಗಿಯಿತು. ಸಿಲ್ ಕೆಳಗಿನ ಜಾಕ್ ಕೊಡುವ ಮಡಿಕೆಯನ್ನೂ ನೋಡಿ. ತಪ್ಪಾಗಿ ಜಾಕ್ ಕೊಟ್ಟು ಅದು ಮಡಚಿಕೊಂಡಿದ್ದರೆ ಬಣ್ಣ ಒಡೆದು ಅಲ್ಲಿಂದ ತುಕ್ಕು ಹತ್ತಿರುತ್ತದೆ.

ಬಾಗಿಲು ತೆರೆದು ಮುಚ್ಚಿ. ಬಾಗಿಲ ಸುತ್ತ ಸಂದು ಒಂದೇ ಸಮ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರಿನ ನಡು ಜೋತುಬಿದ್ದಿರಬಹುದು.

ಆ ನೀರಿನ ಕೊಳವೆ ಕಟ್ಟಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು?

ಮಾರುವವರನ್ನು ಕೇಳಿಕೊಂಡು ಹುಡ್ ಅರ್ಧ ಎತ್ತಿ. ಸೀಟಿನ ಹಿಂದಿನ ಮೂಲೆಯಲ್ಲಿ ದೋಣಿಗೆ ಬಾಟಲಿಯಿಂದ ಸ್ವಲ್ಪ ನೀರು ಬಿಡಿ. ಕೆಲವೇ ಸೆಕೆಂಡಿನಲ್ಲಿ ಆ ಬದಿಯ ಹಿಂಚಕ್ರದ ಮುಂದೆ ನೆಲದ ಮೇಲೆ ನೀರು ಸುರಿಯಬೇಕು. ಸುರಿಯದೆ ಒಳಗೇ ನಿಂತರೆ ಕೊಳವೆ ಕಟ್ಟಿದೆ, ಬಹುಶಃ ಬಹಳ ದಿನದಿಂದ ಕಟ್ಟಿದೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿ, ಮೂಸಿಯೂ ನೋಡಿ. ಮುಗ್ಗಲು ವಾಸನೆ ಬಂದರೆ ಆ ಬದಿಯ ಸಿಲ್ ಅನ್ನು ಎರಡು ಪಟ್ಟು ಎಚ್ಚರಿಕೆಯಿಂದ ನೋಡಿ.

ಕೊಂಡ ಮೇಲೆ ಸ್ವಚ್ಛ ಮಾಡುವಾಗ ಗಟ್ಟಿ ತಂತಿ ಬಳಸಬೇಡಿ. ಕೊಳವೆ ತೂತಾದರೆ ನೀರು ನೇರವಾಗಿ ಒಳಕ್ಕೇ ಹೋಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಸಾಕು.

ಮಾರ್ಕ್ 2ರ ಚಾಸಿ ಬಗ್ಗೆ ಯಾಕೆ ಎಲ್ಲರೂ ಹೆದರಿಸುತ್ತಾರೆ?

ಹೆದರಲು ಕಾರಣ ಇದೆ. ಎಂಜಿನ್ನಿನ ಎರಡು ಪಕ್ಕದಲ್ಲಿ, ಬಂಪರಿನಿಂದ ಹಿಂದಕ್ಕೆ ಹೋಗುವ ಎರಡು ಉಕ್ಕಿನ ಪೆಟ್ಟಿಗೆ ತೊಲೆಗಳಿವೆ. ಮುಂದಿನಿಂದ ಗುದ್ದಿದಾಗ ಪೆಟ್ಟು ತಿನ್ನುವುದು ಇವೇ. ಮಾರ್ಕ್ 2ರಲ್ಲಿ ಅವನ್ನು ಗಟ್ಟಿ ಮಾಡಲು ಒಳಗೆ ಹೆಚ್ಚುವರಿ ತಗಡಿನ ಪದರ ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಪದರಗಳ ನಡುವೆ ಸೇರಿದ ಉಪ್ಪುನೀರು ಹೊರಬರಲು ದಾರಿಯಿಲ್ಲ. ತೊಲೆ ಒಳಗಿನಿಂದ ಕೊಳೆಯುತ್ತದೆ. ಗೆದ್ದಲು ಹಿಡಿದ ಬಾಗಿಲ ಚೌಕಟ್ಟು ನೋಡಿದ್ದೀರಲ್ಲ, ಹೊರಗೆ ಬಣ್ಣ ನೆಟ್ಟಗಿರುತ್ತದೆ, ಬೆರಳಿಟ್ಟರೆ ಒಳಕ್ಕೆ ಹೋಗುತ್ತದೆ. ಹಾಗೆಯೇ ಇದು.

ಬಾನೆಟ್ ತೆಗೆದು ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕೆಳಗಿನಿಂದ ನೋಡಿದರೆ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಅಡ್ಡ ಬರುತ್ತದೆ. ಆ ತಟ್ಟೆ ಬಿಚ್ಚಿಸಿ, ಟಾರ್ಚ್ ಬಿಟ್ಟು, ತೊಲೆಯ ತಳವನ್ನೂ ಒಳಮಗ್ಗುಲನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯಿರಿ. ತಗಡು ಉಬ್ಬಿದ್ದರೆ, ಅಂಚಿನಲ್ಲಿ ಕಂದು ನೀರಿನ ಕಲೆ ಇದ್ದರೆ, ಬಡಿದಾಗ ಒಳಗೆ ಪುಡಿ ಉದುರುವ ಸದ್ದು ಕೇಳಿದರೆ ಅದು ಕೊಳೆತಿದೆ. ತೊಲೆಯಲ್ಲಿರುವ ತೂತುಗಳಿಂದ ಆ ಉದ್ದ ಕ್ಯಾಮೆರಾ ಒಳಗೆ ಬಿಟ್ಟರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಮೊದಲನೇ ಎಮ್‌ಎಕ್ಸ್-5 2001ರದ್ದು. ಸಿಲ್ ಚೆನ್ನಾಗಿತ್ತು, ಬಣ್ಣ ಹೊಳೆಯುತ್ತಿತ್ತು, ಕೆಳಗೆ ಹೊಸ ಕಪ್ಪು ಅಂಡರ್‌ಸೀಲ್ (ತುಕ್ಕು ತಡೆಯಲು ಕಾರಿನ ತಳಕ್ಕೆ ಬಳಿಯುವ ಲೇಪ) ಬಳಿದಿದ್ದರು. ಮಾರಿದವರು ‘ಚಾಸಿ ಗಟ್ಟಿಯಾಗಿದೆ, ನಾನೇ ನೋಡಿದ್ದೇನೆ’ ಅಂದರು. ತಟ್ಟೆ ಬಿಚ್ಚಿಸಬೇಕು ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಮುಂದಿನ ವರ್ಷ ಬೇರೆ ಗ್ಯಾರೇಜಿನಲ್ಲಿ ಆ ಕಪ್ಪು ಪದರ ಕೆರೆದಾಗ ಎಡ ತೊಲೆಯಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ತೂತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ವರ್ಷ ಅದೇ ಕಾರಿನಲ್ಲಿ ಓಡಾಡಿದ್ದೆ. ದುಡ್ಡು ಹೋದದ್ದಕ್ಕಿಂತ ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಈ ಪುಟ ಬರೆಯಲು ಕಾರಣವೂ ಅದೇ.

ಡಿಕ್ಕಿಯಲ್ಲಿ ಏನು ನೋಡಬೇಕು?

ಮಾರ್ಕ್ 1 ಮತ್ತು 2ರಲ್ಲಿ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಕಂಪನಿ ಕೊಡುತ್ತಿದ್ದದ್ದು ಆಸಿಡ್ ಚೆಲ್ಲದ ಮುಚ್ಚಿದ ಬ್ಯಾಟರಿ, ಅದರ ಗಾಳಿ ಹೊರಹೋಗಲು ಸಣ್ಣ ಕೊಳವೆಯೂ ಇತ್ತು. ಕೆಲವರು ಅಗ್ಗಕ್ಕೆ ಮಾಮೂಲಿ ಬ್ಯಾಟರಿ ತಂದು, ಕೊಳವೆ ಸಿಕ್ಕಿಸದೆ ಇಡುತ್ತಾರೆ. ಆಸಿಡ್ ಆವಿ ಸುತ್ತಲಿನ ತಗಡನ್ನು ತಿನ್ನುತ್ತದೆ. ಕಾರ್ಪೆಟ್ ಎತ್ತಿ ಬ್ಯಾಟರಿಯ ಕೆಳಗೆ ನೋಡಿ. ಸ್ಪೇರ್ ಚಕ್ರದ ಗುಂಡಿಯಲ್ಲಿ ನೀರು ನಿಂತಿದೆಯಾ ಅಂತಲೂ ನೋಡಿ. ಹಿಂದಿನ ಲೈಟಿನ ರಬ್ಬರ್ ಹಳತಾಗಿ ನೀರು ಬರುವುದುಂಟು.

ಬಾನೆಟ್ಟಿಗೆ ಆಯಸ್ಕಾಂತ ಅಂಟಲೇ ಇಲ್ಲ. ಪೂರ್ತಿ ಪುಟ್ಟಿಯಾ?

ಗಾಬರಿ ಬೇಡ. ಎಮ್‌ಎಕ್ಸ್-5ರ ಬಾನೆಟ್ ಅಲ್ಯೂಮಿನಿಯಂ. ಮಾರ್ಕ್ 3ರಲ್ಲಿ ಡಿಕ್ಕಿಯ ಮುಚ್ಚಳವೂ ಅಲ್ಯೂಮಿನಿಯಂ. ಮಾರ್ಕ್ 4ರಲ್ಲಿ ಮುಂದಿನ ಮಡ್‌ಗಾರ್ಡ್ ಕೂಡ. ಇವಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಬಣ್ಣದ ದಪ್ಪ ಅಳೆಯುವ ಸಾಧನ ಇದ್ದರೆ, ಅಲ್ಯೂಮಿನಿಯಂ ಮೇಲೂ ಅಳೆಯುವಂಥದ್ದನ್ನು ತನ್ನಿ. ಕಾರ್ಖಾನೆಯ ಬಣ್ಣ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ. 300 ಅಂದರೆ ಮತ್ತೆ ಬಣ್ಣ ಹೊಡೆದಿದ್ದಾರೆ. 1,000 ದಾಟಿದರೆ ಕೆಳಗೆ ಪುಟ್ಟಿ ಇದೆ.

ಕೆಳಗೆಲ್ಲ ಹೊಸದಾಗಿ ಕಪ್ಪು ಅಂಡರ್‌ಸೀಲ್ ಹಾಕಿದ್ದಾರೆ. ಒಳ್ಳೆಯದೇ ಅಲ್ವಾ?

ಮಾರುವ ವಾರ ಹಾಕಿದ ಅಂಡರ್‌ಸೀಲ್ ಕಾರಿಗಾಗಿ ಹಾಕಿದ್ದಲ್ಲ, ನೋಡುವವರ ಕಣ್ಣಿಗಾಗಿ ಹಾಕಿದ್ದು. ದಪ್ಪ ಡಾಂಬರಿನಂಥದ್ದನ್ನು ತುಕ್ಕಿನ ಮೇಲೆ ಬಳಿದರೆ ತುಕ್ಕು ನಿಲ್ಲುವುದಿಲ್ಲ. ಒಳಗೆ ತೇವ ಸಿಕ್ಕಿಕೊಂಡು ಇನ್ನೂ ಬೇಗ ತಿನ್ನುತ್ತದೆ. ವರ್ಷಗಳ ಹಿಂದೆ ಮಾಡಿಸಿದ, ಕೆಲಸದ ಫೋಟೋ ಮತ್ತು ಬಿಲ್ ಇರುವ ಮೇಣದ ಲೇಪನ ಬೇರೆ ವಿಷಯ. ಅದು ಅರೆಪಾರದರ್ಶಕ, ಕೆಳಗಿನ ತಗಡು ಕಾಣುತ್ತದೆ. ನನ್ನ ಮಟ್ಟಿಗೆ, ಕೊಳೆಯಾದರೂ ಬೆತ್ತಲೆ ಇರುವ ತಳವೇ ನಂಬಿಕೆಗೆ ಯೋಗ್ಯ.

ಹೋದ ತಿಂಗಳೇ ಎಂಒಟಿ ಪಾಸಾಗಿದೆ. ಇನ್ನೇನು ನೋಡಬೇಕು?

ಎಂಒಟಿ ಅಂದರೆ ಇಲ್ಲಿನ ವಾರ್ಷಿಕ ತಪಾಸಣೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ 3 ವರ್ಷ ದಾಟಿದ ಕಾರಿಗೆ ಕಡ್ಡಾಯ. ಅದು ಆ ದಿನದ ಸ್ಥಿತಿ ಮಾತ್ರ ಹೇಳುತ್ತದೆ. ತಪಾಸಣೆ ಮಾಡುವವರು ಯಾವ ಭಾಗವನ್ನೂ ಬಿಚ್ಚುವಂತಿಲ್ಲ. ಅಂದರೆ ಮಾರ್ಕ್ 2ರ ಪ್ಲಾಸ್ಟಿಕ್ ತಟ್ಟೆ ಹಾಗೇ ಇರುತ್ತದೆ, ಅದರ ಹಿಂದಿನ ತೊಲೆ ಕಾಣುವುದೇ ಇಲ್ಲ.

ಪಾಸಾದ ಕಾಗದಕ್ಕಿಂತ ಹಿಂದಿನ ದಾಖಲೆ ಓದಿ. ಕಾರಿನ ನಂಬರ್ ಹಾಕಿದರೆ ಸರ್ಕಾರದ ವೆಬ್‌ಸೈಟಿನಲ್ಲಿ 2005ರಿಂದ ಈಚಿನ ಎಂಒಟಿ ಇತಿಹಾಸ ಪುಕ್ಕಟೆ ಸಿಗುತ್ತದೆ. ಮನೆಯಲ್ಲೇ ಕೂತು ಮಾಡುವ ಕೆಲಸ, ದಯವಿಟ್ಟು ಬಿಡಬೇಡಿ. ಫೇಲ್ ಆದದ್ದಷ್ಟೇ ನೋಡಿದರೆ ಸಾಲದು, ಜೊತೆಗೆ ಬರೆದ ಸಲಹೆಗಳನ್ನೂ ಓದಿ. ‘ಸಿಲ್ ತುಕ್ಕು ಹಿಡಿದಿದೆ, ಆದರೆ ಬಹಳ ದುರ್ಬಲವಾಗಿಲ್ಲ’ ಅಂತ ಮೂರು ವರ್ಷ ಸತತ ಬರೆದು, ನಾಲ್ಕನೇ ವರ್ಷ ಆ ಮಾತೇ ಇಲ್ಲ ಅಂದುಕೊಳ್ಳಿ. ಒಂದೋ ರಿಪೇರಿ ಆಗಿದೆ, ಇಲ್ಲವೇ ಏನನ್ನೋ ಬಳಿದು ಮುಚ್ಚಿದ್ದಾರೆ. ರಿಪೇರಿ ಬಿಲ್ ತೋರಿಸಿ ಅಂತ ಕೇಳಿ. ‘ಅಂಡರ್‌ಸೀಲ್ ಇದ್ದುದರಿಂದ ನೋಡಲಾಗಲಿಲ್ಲ’ ಅಂತ ಬರೆದಿದ್ದರೂ ಅದು ಎಚ್ಚರಿಕೆಯ ಗಂಟೆಯೇ. ಮೈಲಿ ಅಂಕಿಯೂ ಅಲ್ಲೇ ಇರುತ್ತದೆ. ವರ್ಷಕ್ಕೆ ನೂರಿನ್ನೂರು ಮೈಲಿ ಓಡಿದ ಕಾರು ಎಲ್ಲೋ ಹೊರಗೆ ಒದ್ದೆಯಲ್ಲಿ ನಿಂತಿತ್ತಾ ಅಂತ ಕೇಳಿ.

ಒಂದು ನಿಯಮ ಗೊತ್ತಿರಲಿ. ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್ ಜೋಡಿಸಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ಭಾರ ಹೊರುವ ತಗಡು ತುಕ್ಕಿನಿಂದ ತೀರಾ ದುರ್ಬಲವಾಗಿದ್ದರೆ ಎಂಒಟಿ ಫೇಲ್. ಅಲ್ಲಿ ಪುಟ್ಟಿ ಮೆತ್ತಿ ಪಾಸು ಮಾಡಿಸುವಂತಿಲ್ಲ, ಹೊಸ ತಗಡಿನ ಸುತ್ತಲೂ ಬಿಡದೆ ವೆಲ್ಡಿಂಗ್ ಮಾಡಬೇಕು.

ಜಪಾನಿನಿಂದ ತಂದ ಯೂನೋಸ್ ಕಾರಿಗೆ ತುಕ್ಕು ಕಡಿಮೆ ಅಂತಾರೆ. ನಿಜವಾ?

ಒಂದು ಮಟ್ಟಿಗೆ ನಿಜ. ಜಪಾನಿನ ಬಹುಪಾಲು ಕಡೆ ಇಲ್ಲಿಯಷ್ಟು ಉಪ್ಪು ಎರಚುವುದಿಲ್ಲ. ಆದರೆ ಹೊಕ್ಕೈಡೊ ದ್ವೀಪದಂಥ ಹಿಮದ ನಾಡಿನ ಕಾರು ಬೇರೆ. ಇಲ್ಲಿಗೆ ಬಂದದ್ದು ಯಾವಾಗ ಅನ್ನುವುದೂ ಮುಖ್ಯ. ಮೊನ್ನೆ ಮೊನ್ನೆ ಬಂದ ಕಾರು ಚೆನ್ನಾಗಿರಬಹುದು. 20 ವರ್ಷ ಇಲ್ಲಿನ ಚಳಿಗಾಲ ಕಂಡದ್ದನ್ನು ಇಲ್ಲಿಯದೇ ಅಂತ ತಿಳಿದು ನೋಡಿ.

ಮಾರ್ಕ್ 3, ಮಾರ್ಕ್ 4 ಕೊಂಡರೆ ಈ ತಲೆನೋವು ಇಲ್ವಾ?

ಕಡಿಮೆ, ಆದರೆ ಇಲ್ಲ ಅನ್ನುವಂತಿಲ್ಲ. ಹಳೇ ಮಾರ್ಕ್ 3ರಲ್ಲಿ ಹಿಂದಿನ ಕಮಾನಿನ ಅಂಚು, ಸಿಲ್, ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಉಕ್ಕಿನ ಚೌಕಟ್ಟು) ನೋಡಿ. ನೀರಿನ ಕೊಳವೆಯ ಬಾಯಲ್ಲಿ ಜಾಲರಿ ಇದೆ, ಅದೂ ಎಲೆಯಿಂದ ಕಟ್ಟಿಕೊಳ್ಳುತ್ತದೆ. ಸಸ್ಪೆನ್ಷನ್ ಬೋಲ್ಟ್‌ಗಳು ತುಕ್ಕಿಗೆ ಬಿಗಿದುಕೊಂಡಿದ್ದರೆ ಚಕ್ರದ ಅಲೈನ್‌ಮೆಂಟ್ ಮಾಡಿಸುವಾಗ ಖರ್ಚು. ಮಾರ್ಕ್ 4ರಲ್ಲಿ ಸದ್ಯಕ್ಕೆ ಕಾಣುವುದು ಬಹುಮಟ್ಟಿಗೆ ಕೆಳಭಾಗಗಳ ಮೇಲ್ಮೈ ತುಕ್ಕು. ಈಗಲೇ ಮೇಣ ಬಳಿಸಿದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಎಲ್ಲ ತುಕ್ಕೂ ಕೆಟ್ಟದ್ದಾ?

ಇಲ್ಲ. ಸಸ್ಪೆನ್ಷನ್ ತೋಳು, ಡಿಫರೆನ್ಷಿಯಲ್ ಮೇಲಿನ ಕಂದು ಪದರ ದಪ್ಪ ಲೋಹದ ಮೇಲಿನದು. ತಂತಿ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಮುಂದಿನ ಮಡ್‌ಗಾರ್ಡಿನ ಕೆಳತುದಿಯಲ್ಲಿ, ಬಾಗಿಲ ಹತ್ತಿರ, ಗುಳ್ಳೆ ಬರುವುದು ಮಾಮೂಲಿ. ನೋಡಲು ಬೇಜಾರು, ಆದರೆ ಅದು ಬೋಲ್ಟ್ ಬಿಚ್ಚಿ ಬದಲಿಸುವ ಭಾಗ. ಬೆಲೆ ಇಳಿಸಲು ಒಂದು ಕಾರಣ ಅಷ್ಟೇ. ಬ್ರೇಕ್ ಕೊಳವೆಯ ತುಕ್ಕನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಟ್ಟುಬರಬೇಕಾದದ್ದು ತೂತು ಬಿದ್ದ ತೊಲೆ, ಪುಟ್ಟಿ ತುಂಬಿದ ಸಿಲ್, ಸೀಟ್ ಬೆಲ್ಟ್ ಬುಡದ ಕೊಳೆತ.

ಸಿಲ್ ಕೊಳೆತಿದೆ, ಆದರೆ ಬೆಲೆ ತುಂಬಾ ಕಡಿಮೆ. ಕೊಂಡು ರಿಪೇರಿ ಮಾಡಿಸಲಾ?

ಮೊದಲು ವೆಲ್ಡಿಂಗ್ ಮಾಡುವವರಿಗೆ ತೋರಿಸಿ, ಅವರು ಹೇಳುವ ಮೊತ್ತಕ್ಕೆ ಇನ್ನೊಂದು ಪಾಲು ಸೇರಿಸಿಕೊಳ್ಳಿ. ಹೊರ ತಗಡು ಕತ್ತರಿಸಿದ ಮೇಲೆಯೇ ಒಳ ಪದರದ ಸ್ಥಿತಿ ತಿಳಿಯುವುದು. ಅದು ಸಾಮಾನ್ಯವಾಗಿ ಹೊರಗಿನದಕ್ಕಿಂತ ಜಾಸ್ತಿ ಹಾಳಾಗಿರುತ್ತದೆ. ಎರಡು ಬದಿ ಸಿಲ್, ಕಮಾನು, ಬಣ್ಣ ಎಲ್ಲ ಸೇರಿದರೆ ಸಾವಿರ ಪೌಂಡ್ ಸುಲಭವಾಗಿ ದಾಟುತ್ತದೆ.

ರಿಪೇರಿ ಆಗಿರುವ ಕಾರಾದರೆ ಹೇಗೆ ಆಗಿದೆ ಅಂತ ನೋಡಿ. ಕೊಳೆತದ್ದನ್ನು ಪೂರ್ತಿ ಕತ್ತರಿಸಿ, ಒಳ ಪದರವನ್ನೂ ಬದಲಿಸಿ, ಫೋಟೋ ಇಟ್ಟಿದ್ದರೆ ನಾನು ಖುಷಿಯಿಂದ ಕೊಳ್ಳುತ್ತೇನೆ. ಹಳೇ ಕೊಳೆತದ ಮೇಲೆ ಹೊಸ ತಗಡು ಹೊದಿಸಿ ಬಣ್ಣ ಹೊಡೆದಿದ್ದರೆ ಎರಡು ಮೂರು ಚಳಿಗಾಲದಲ್ಲಿ ಅದೇ ಗುಳ್ಳೆ ಮತ್ತೆ ಬರುತ್ತದೆ. ಒಳ್ಳೆ ಟಿಂಕರಿಂಗ್ ಕೆಲಸಕ್ಕೆ ಕೂಲಿ ಜಾಸ್ತಿ, ಅದು ನ್ಯಾಯವೇ. ಆ ಕೈಚಳಕ ಇರುವವರು ಕಡಿಮೆ.

ಕಾರು ದೂರದ ಊರಿನಲ್ಲಿದೆ. ಫೋಟೋ ನೋಡಿ ಮುಂಗಡ ಕೊಡಲಾ?

ಬೇಡ. ಸಿಲ್‌ನ ಹಿಂತುದಿ, ಕಮಾನಿನ ಒಳ ಅಂಚು, ಜಾಕ್ ಮಡಿಕೆ, ಮುಂದಿನ ತೊಲೆ ಇಷ್ಟರ ಹತ್ತಿರದ ಫೋಟೋ ಕೇಳಿ. ಕಳಿಸಿದರೆ ಹೋಗಿ ನೋಡಿ. ಸಂಜೆ ಸೂರ್ಯನ ಬೆಳಕಿನಲ್ಲಿ ಹೊಳೆಯುವ ಬಾನೆಟ್ಟಿನ ಫೋಟೋಗಳನ್ನೇ ಮತ್ತೆ ಕಳಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಊರಿನಲ್ಲಿ, ಮಂಗಳೂರು–ಉಡುಪಿ ಕಡೆ ಹಳೇ ಕಾರು ಕೊಳ್ಳುವಾಗ ಇದೆಲ್ಲ ಉಪಯೋಗಕ್ಕೆ ಬರುತ್ತಾ?

ಬರುತ್ತದೆ. ಅಲ್ಲಿ ಉಪ್ಪು ರಸ್ತೆಯಿಂದ ಬರುವುದಿಲ್ಲ, ಕಡಲ ಗಾಳಿಯಿಂದ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ, ಕಮಾನಿನೊಳಗೆ ಮೆತ್ತಿಕೊಳ್ಳುವ ಕೆಂಪು ಮಣ್ಣು, ಒಣಗಲು ಬಿಡದ ಸೆಕೆ. ಗಟ್ಟಿ ಚಾವಣಿಯ ಕಾರಾದರೂ ನೆಲದ ಮ್ಯಾಟ್ ಎತ್ತಿ, ಬಾಗಿಲ ತಳದ ನೀರು ಹೋಗುವ ತೂತು ನೋಡಿ, ರನ್ನಿಂಗ್ ಬೋರ್ಡ್ ಬಡಿಯಿರಿ. ಅಲ್ಲಿ ಎಂಒಟಿ ಇತಿಹಾಸದಂಥ ದಾಖಲೆ ಸಿಗುವುದಿಲ್ಲ, ಹಾಗಾಗಿ ಕೈ ಮತ್ತು ಕಣ್ಣನ್ನೇ ನಂಬಬೇಕು.

ಒಳ್ಳೆ ಕಾರು ಸಿಕ್ಕಿತು. ಇನ್ನು ಹೇಗೆ ಕಾಪಾಡಿಕೊಳ್ಳುವುದು?

ಬೇಸಿಗೆಯ ಕೊನೆಯಲ್ಲಿ, ಕಾರು ಪೂರ್ತಿ ಒಣಗಿರುವಾಗ, ತಳ ತೊಳೆಸಿ ಒಣಗಿಸಿ ಸಿಲ್ ಮತ್ತು ತೊಲೆಗಳ ಒಳಗೆ ಮೇಣ ಸಿಂಪಡಿಸಿ. ಒಳಗೆ ಹೋಗುವುದೇ ಮುಖ್ಯ. ಬರೀ ಹೊರಗೆ ಬಳಿದರೆ ಅರ್ಧ ಕೆಲಸ. ಅಕ್ಟೋಬರಿನಲ್ಲಿ ಉಪ್ಪಿನ ಲಾರಿ ಹೊರಡುವ ಮುಂಚೆ ಮುಗಿಸಿ. ಚಳಿಗಾಲದಲ್ಲಿ ಓಡಿಸಿದರೆ ಎರಡು ವಾರಕ್ಕೊಮ್ಮೆ ಕಮಾನಿನೊಳಗೆ, ಸಿಲ್ ಕೆಳಗೆ ತಣ್ಣೀರು ಬಿಟ್ಟು ಉಪ್ಪು ತೊಳೆಯಿರಿ. ಒದ್ದೆಯಾದ, ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ಮುಚ್ಚಿಡಬೇಡಿ, ಆ ಶಾಖಕ್ಕೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಗಾಳಿಯಾಡುವ ತಣ್ಣನೆಯ ಜಾಗ ವಾಸಿ.

ಹಂಚಿನ ಮನೆಯವರು ಮಳೆಗಾಲಕ್ಕೆ ಮುಂಚೆ ಸೂರಿನ ದೋಣಿಯಲ್ಲಿ ತುಂಬಿದ ಎಲೆ ತೆಗೆಯುತ್ತಾರಲ್ಲ, ಹಾಗೆ ಹುಡ್‌ನ ಕೊಳವೆಗಳನ್ನೂ ವರ್ಷಕ್ಕೆರಡು ಸಲ ನೋಡಿ. ಎಲೆ ಉದುರುವ ಮುಂಚೆ ಒಮ್ಮೆ, ಉದುರಿ ಮುಗಿದ ಮೇಲೆ ಒಮ್ಮೆ. ಒಂದು ಲೋಟ ನೀರು ಬಿಟ್ಟು ಹಿಂಚಕ್ರದ ಮುಂದೆ ಬಗ್ಗಿ ನೋಡಿದರೆ ಸಾಕು.